ವರ್ಷದ ದುಡ್ಡು ಒಟ್ಟಿಗೆ ಕಟ್ಟುವ ಮುಂಚೆ, ರಾತ್ರಿ ಒಂಬತ್ತಕ್ಕೆ ಒಂದು ದೊಡ್ಡ ಫೈಲ್ ಇಳಿಸಿ ನೋಡಿ

ಮನೆಗೆ ಹೊಸದಾಗಿ ಫೈಬರ್ ನೆಟ್ ಹಾಕಿಸುವವರು ದಯವಿಟ್ಟು ಇದನ್ನು ಓದಿ. ಅದರಲ್ಲೂ "ವರ್ಷದ ಪ್ಯಾಕ್ ತಗೊಳ್ಳಿ, ಎರಡು ತಿಂಗಳು ಫ್ರೀ" ಅಂತ ಯಾರಾದರೂ ಬಾಗಿಲಿಗೆ ಬಂದಿದ್ದರೆ, ದುಡ್ಡು ಕೊಡುವ ಮುಂಚೆ ಓದಿ.

ನಾವಿರುವುದು ಹಾಸನದಲ್ಲಿ. ನಮ್ಮ ಬಡಾವಣೆಯಲ್ಲಿ ಟಿವಿ ಕೇಬಲ್ ಕೊಡುವವರೇ ನೆಟ್ ಕೂಡ ಕೊಡುತ್ತಾರೆ. ಹೆಸರು ಬರೆಯುವುದಿಲ್ಲ, ಯಾಕೆಂದರೆ ಇಂಥವರು ಎಲ್ಲ ಊರಲ್ಲೂ ಇದ್ದಾರೆ. ಅವರು ಹೇಳಿದ್ದು 200 ಎಂಬಿಪಿಎಸ್, ಅನ್‌ಲಿಮಿಟೆಡ್. ವೈರ್ ಎಳೆದ ಹುಡುಗ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತನ್ನ ಲ್ಯಾಪ್‌ಟಾಪನ್ನು ಫೈಬರ್ ಬಂದು ಸೇರುವ ಗೋಡೆಯ ಪೆಟ್ಟಿಗೆಗೆ ನೇರ ಚುಚ್ಚಿ ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದ. 190ರ ಮೇಲೆ ಬಂತು. ಆಮೇಲೆ ರೂಟರ್ ಕೂರಿಸಿ, ಪೂರ್ತಿ ವರ್ಷದ ದುಡ್ಡು ತಗೊಂಡು ಹೋದ.

ಆರಂಭದಲ್ಲಿ ಏನೂ ತೊಂದರೆ ಕಾಣಲಿಲ್ಲ. ಟಿವಿಯಲ್ಲಿ ಸಿನಿಮಾ ಬರುತ್ತಿತ್ತು, ಮಕ್ಕಳ ಯೂಟ್ಯೂಬ್ ಬರುತ್ತಿತ್ತು. ನಿಜ ಬಣ್ಣ ಗೊತ್ತಾಗಿದ್ದು ತಂಗಿಯ ಮದುವೆ ವಿಡಿಯೋ ಬಂದಾಗ. ವಿಡಿಯೋದವರು ಬೆಂಗಳೂರಿನವರು. ಎಲ್ಲವನ್ನೂ 4ಕೆಯಲ್ಲಿ ತೆಗೆದಿದ್ದರು. ಚಪ್ಪರ, ಧಾರೆ, ಆರತಕ್ಷತೆ, ಡ್ರೋನ್ ಶಾಟ್ ಸೇರಿ ಸುಮಾರು 90 ಜಿಬಿ. ಕ್ಲೌಡ್ ಲಿಂಕ್ ಕಳಿಸಿ, "ಒಂದು ವಾರ ಇರುತ್ತೆ ಸಾರ್, ಅಷ್ಟರಲ್ಲಿ ಇಳಿಸಿಕೊಳ್ಳಿ" ಅಂದರು.

ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ. 200 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 200 ಮೆಗಾಬಿಟ್. ಫೈಲ್ ಅಳೆಯುವುದು ಬೈಟ್‌ನಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ಸೆಕೆಂಡಿಗೆ 25 ಎಂಬಿ ಇಳಿಯಬೇಕು. 90 ಜಿಬಿಗೆ 1 ಗಂಟೆ ಸಾಕು. ನಮ್ಮಲ್ಲಿ ಸಂಜೆ ಹೊತ್ತು ಸೆಕೆಂಡಿಗೆ 2 ಎಂಬಿ ದಾಟಿದರೆ ಅದೇ ಹೆಚ್ಚು. ಅದೂ ನಿಂತು ನಿಂತು. ಮುಕ್ಕಾಲು ಭಾಗ ಬಂದ ಮೇಲೆ "ನೆಟ್‌ವರ್ಕ್ ಎರರ್". ಮತ್ತೆ ಮೊದಲಿಂದ.

ಯಾರೂ ಹೇಳದ ವಿಷಯ ಒಂದಿದೆ. ಅರ್ಧಕ್ಕೆ ಕಡಿದುಹೋದ ಡೌನ್‌ಲೋಡ್ ಕೂಡ ನಿಮ್ಮ ಡೇಟಾ ಲೆಕ್ಕಕ್ಕೆ ಸೇರುತ್ತದೆ. ನಮ್ಮ "ಅನ್‌ಲಿಮಿಟೆಡ್" ಪ್ಯಾಕ್‌ಗೆ ತಿಂಗಳಿಗೆ 500 ಜಿಬಿ ಮಿತಿ ಇತ್ತು. ಅದು ಮುಗಿದ ಮೇಲೆ 2 ಎಂಬಿಪಿಎಸ್. ಪಾಂಪ್ಲೆಟ್‌ನಲ್ಲಿ ಇದರ ಮಾತೇ ಇಲ್ಲ. ಸುಮ್ನೆ ಕಡಿದು ಕಡಿದು ಬಂದ ತುಂಡುಗಳೇ ಮಿತಿಯನ್ನು ತಿಂದುಹಾಕಿದವು. 2 ಎಂಬಿಪಿಎಸ್‌ನಲ್ಲಿ ಅದೇ 90 ಜಿಬಿ ಇಳಿಯಲು 100 ಗಂಟೆ ಬೇಕು. ನಾಲ್ಕು ದಿನಕ್ಕಿಂತ ಜಾಸ್ತಿ, ಅದೂ ಒಮ್ಮೆಯೂ ಕಡಿಯದಿದ್ದರೆ. ಲಿಂಕ್ ಅವಧಿ ಮುಗಿಯಿತು. ಇಳಿದ ಜಿಪ್ ತುಂಡುಗಳಲ್ಲಿ ಧಾರೆಯ ಭಾಗವೇ ತೆರೆಯಲಿಲ್ಲ. ಅಮ್ಮ ಮತ್ತೆ ಮತ್ತೆ ಕೇಳುತ್ತಿದ್ದದ್ದು ಅದೊಂದನ್ನೇ.

ದೂರು ಕೊಟ್ಟರೆ ಬಂದ ಉತ್ತರ: "ಟಿವಿಯಲ್ಲಿ ಸಿನಿಮಾ ಚೆನ್ನಾಗಿ ಬರ್ತಿದೆಯಲ್ಲ ಸಾರ್, ನಮ್ಮ ಕಡೆ ಪ್ರಾಬ್ಲಂ ಇಲ್ಲ." ಈ ಮಾತಿಗೆ ದಯವಿಟ್ಟು ಮರುಳಾಗಬೇಡಿ. ನೆಟ್‌ಫ್ಲಿಕ್ಸ್‌ನವರೇ ಹೇಳುವ ಪ್ರಕಾರ 1080ಪಿಗೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಸಾಕು. ವೇಗ ಇಳಿದರೆ ಆ್ಯಪ್ ತಾನೇ ಚಿತ್ರದ ಗುಣಮಟ್ಟ ಇಳಿಸಿಕೊಂಡು ಓಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಇನ್ನು ಯೂಟ್ಯೂಬ್‌ನಂಥವು ಜನ ಹೆಚ್ಚು ನೋಡುವ ವಿಡಿಯೋಗಳನ್ನು ನೆಟ್ ಕಂಪನಿಗಳ ಒಳಗೇ ಸರ್ವರ್ ಇಟ್ಟು ಕೊಡುವುದುಂಟು. ನಿಮ್ಮ ಮನೆಯ ಮದುವೆ ವಿಡಿಯೋ ಅಲ್ಲೆಲ್ಲಿರುತ್ತದೆ? ಅದು ಹೊರಗಿಂದಲೇ ಬರಬೇಕು. ಆ ಹೊರಗಿನ ದಾರಿಗೆ ಇವರು ಎಷ್ಟು ದುಡ್ಡು ಹಾಕಿದ್ದಾರೆ ಅನ್ನುವುದೇ ಅಸಲಿ ಪ್ರಶ್ನೆ. ಸ್ಪೀಡ್ ಟೆಸ್ಟ್ ಕೂಡ ಹಾಗೆಯೇ. ಆ್ಯಪ್ ತಾನಾಗಿ ಹತ್ತಿರದ ಸರ್ವರ್ ಆರಿಸುತ್ತದೆ. ಕೆಲವು ಸಲ ಅದು ನೆಟ್ ಕೊಡುವವರದ್ದೇ ಆಗಿರುತ್ತದೆ. ಟೆಸ್ಟ್ ಮಾಡುವಾಗ ಸರ್ವರ್ ಬದಲಿಸಿ ದೆಹಲಿ, ಸಿಂಗಾಪುರ ಹಾಕಿ ನೋಡಿ.

ಹೊತ್ತೂ ಮುಖ್ಯ. ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಜಿಪಾನ್ ಅನ್ನುವ ಬಗೆಯ ಫೈಬರ್‌ನಲ್ಲಿ ಸುಮಾರು 2.5 ಜಿಬಿಪಿಎಸ್‌ನ (2500 ಎಂಬಿಪಿಎಸ್) ಒಂದು ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳಬಹುದು. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಅಲ್ವಾ? ರಾತ್ರಿ ಎಂಟರಿಂದ ಹನ್ನೊಂದರವರೆಗೆ ಬರುವ ವೇಗವೇ ನಿಮ್ಮ ನಿಜವಾದ ವೇಗ.

ನನಗೆ ಎಲ್ಲಕ್ಕಿಂತ ಕೋಪ ಬಂದಿದ್ದು ರೂಟರ್ ನೋಡಿ. ಪರಿಚಯದ ಎಂಜಿನಿಯರ್ ಒಬ್ಬರು ಬಂದು ತಿರುಗಿಸಿ ನೋಡಿದರು. ಅದರ ಪೋರ್ಟ್ ಇರುವುದೇ 100 ಎಂಬಿಪಿಎಸ್‌ನದು. ವೈಫೈ 2.4 ಗಿಗಾಹರ್ಟ್ಸ್ ಮಾತ್ರ, ಹೆಚ್ಚು ವೇಗ ಕೊಡುವ 5 ಗಿಗಾಹರ್ಟ್ಸ್ ಬ್ಯಾಂಡ್ ಇಲ್ಲವೇ ಇಲ್ಲ. ಅಂದರೆ 200ರ ದುಡ್ಡು ತಗೊಂಡು, 100 ಕೂಡ ದಾಟಲಾಗದ ಪೆಟ್ಟಿಗೆ ಕೊಟ್ಟಿದ್ದರು. ಇದು ಕಣ್ತಪ್ಪು ಅಂತ ನಾನು ನಂಬುವುದಿಲ್ಲ. ತಮ್ಮ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ತೋರಿಸಿ, ಆಮೇಲೆ ರೂಟರ್ ಹಾಕಿದ್ದು ಯಾಕೆ ಅಂತ ಆಗ ಅರ್ಥವಾಯಿತು.

ಹಾಗಾಗಿ ಮೊದಲು ಒಂದೇ ತಿಂಗಳಿಗೆ ಕಟ್ಟಿ. ಅವರ ಲ್ಯಾಪ್‌ಟಾಪ್ ಬೇಡ, ನಿಮ್ಮದರಲ್ಲೇ, ಅವರ ರೂಟರ್ ಮೂಲಕವೇ ರಾತ್ರಿ ಹೊತ್ತು 5 ಜಿಬಿಯ ಫೈಲ್ ಒಂದನ್ನು ಇಳಿಸಿ ನೋಡಿ. ಮೊದಲು ಕೇಬಲ್ ಚುಚ್ಚಿ, ಆಮೇಲೆ ವೈಫೈನಲ್ಲಿ. ಕೇಬಲ್‌ನಲ್ಲಿ ಚೆನ್ನಾಗಿ ಬಂದು ವೈಫೈನಲ್ಲಿ ಬಿದ್ದರೆ ತಪ್ಪು ರೂಟರ್‌ನದ್ದು ಅಥವಾ ನಡುವಿನ ಗೋಡೆಯದ್ದು. ಎರಡರಲ್ಲೂ ಬಿದ್ದರೆ ಲೈನಿನದ್ದು, ಇಲ್ಲವೇ ನಮ್ಮಲ್ಲಿ ಆದಂತೆ ರೂಟರ್ ಪೋರ್ಟಿನದ್ದು. ರೂಟರ್‌ಗೆ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇದೆಯಾ, ಎರಡೂ ಬ್ಯಾಂಡ್ ಇದೆಯಾ ಕೇಳಿ. ಡೇಟಾ ಮಿತಿ ಎಷ್ಟು, ಅದು ಮುಗಿದ ಮೇಲೆ ವೇಗ ಎಷ್ಟು ಅನ್ನುವುದನ್ನು ಬರಹದಲ್ಲಿ ತಗೊಳ್ಳಿ. ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಅಂತ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲೇ ನಿರ್ದೇಶನ ಕೊಟ್ಟಿದೆ. ನಮ್ಮಂಥವರಿಗೆ ಯಾರೂ ತಿಳಿಸುವುದಿಲ್ಲ ಅಷ್ಟೇ.

ವಿಡಿಯೋ ಕೊನೆಗೂ ಸಿಕ್ಕಿತು. ಬೆಂಗಳೂರಿಗೆ ಹೋಗಿ ಹಾರ್ಡ್ ಡಿಸ್ಕ್‌ಗೆ ಹಾಕಿಸಿಕೊಂಡು ಬಂದೆವು. ಮದುವೆ ವಿಡಿಯೋ ಆರ್ಡರ್ ಕೊಡುವವರು ಹಾರ್ಡ್ ಡಿಸ್ಕ್‌ನಲ್ಲೇ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ಆಗಿ ತರಿಸಿಕೊಳ್ಳಬೇಡಿ, ಕುಗ್ಗಿ ಮಸುಕಾಗಿ ಬರುತ್ತದೆ. ಚಿಕ್ಕದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. 2 ಜಿಬಿವರೆಗೆ ಹೋಗುತ್ತದೆ, ಗುಣಮಟ್ಟವೂ ಉಳಿಯುತ್ತದೆ.

ದುಡ್ಡು ಮಾತ್ರ ವಾಪಸ್ ಬಂದಿಲ್ಲ. "ಆ್ಯಕ್ಟಿವೇಟ್ ಆದ ಪ್ಯಾಕ್‌ಗೆ ರೀಫಂಡ್ ಇಲ್ಲ" ಅನ್ನುತ್ತಾರೆ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಮೊದಲು ಕಂಪನಿಗೇ ದೂರು ಕೊಟ್ಟು ಡಾಕೆಟ್ ನಂಬರ್ (ದೂರು ದಾಖಲಾದ ನಂಬರ್) ತಗೊಳ್ಳಬೇಕು, ಆಮೇಲೆ ಅವರ ಮೇಲ್ಮನವಿ ಅಧಿಕಾರಿಗೆ ಹೋಗಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು. ಟೆಲಿಕಾಂ ದೂರು ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಬರುತ್ತದೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕಟ್ಟಿದ ಹಣ 5 ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ನಾವು ಅಲ್ಲಿಗೇ ಹೋಗುತ್ತಿದ್ದೇವೆ. ಪಾಂಪ್ಲೆಟ್, ರಸೀದಿ, ರಾತ್ರಿಯ ಸ್ಪೀಡ್ ಟೆಸ್ಟ್‌ಗಳ ಸ್ಕ್ರೀನ್‌ಶಾಟ್, ರೂಟರ್ ಬೆನ್ನಿನ ಫೋಟೋ ಎಲ್ಲ ಇಟ್ಟುಕೊಂಡಿದ್ದೇವೆ. ಇದೇ ತೊಂದರೆ ಇರುವವರು ಇವತ್ತಿನಿಂದಲೇ ಇವನ್ನೆಲ್ಲ ಎತ್ತಿಡಲು ಶುರುಮಾಡಿ.