ಬೇಸಿಗೆ ಸುತ್ತಾಟಕ್ಕೆ ಮೊದಲೇ ರೂಮು ಹಿಡಿಯಬೇಕೇ? ಐದು ಬೇಸಿಗೆ ಆ್ಯಪ್ ಬಳಸಿದವನ ಲೆಕ್ಕ

ನಮ್ಮ ಮನೆಯಲ್ಲಿ ಪ್ರವಾಸ ನಿಶ್ಚಯವಾಗುವುದು ಹೊರಡುವ ಹಿಂದಿನ ರಾತ್ರಿ. ಮಗಳ ಶಾಲೆಗೆ ರಜೆ ಸಿಕ್ಕಿ ಹದಿನೈದು ದಿನ ಕಳೆದಿರುತ್ತದೆ, ಬೆಂಗಳೂರಿನ ಸೆಕೆಗೆ ಎಲ್ಲರ ತಲೆಯೂ ಕಾದಿರುತ್ತದೆ. ಊಟದ ನಡುವೆ ಯಾರಾದರೊಬ್ಬರು “ನಾಳೆ ಎಲ್ಲಿಗಾದರೂ ಹೋಗಿಬಿಡೋಣ” ಎನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ನಮ್ಮ ಹಳೆಯ ವ್ಯಾಗನ್ ಆರ್ ಟೋಲ್ ಗೇಟಿನಲ್ಲಿ ನಿಂತಿರುತ್ತದೆ. ಮುಂದೆ ನಾನು ಮತ್ತು ನನ್ನ ಹೆಂಡತಿ, ಹಿಂದೆ ಮಗಳು, 74 ವರ್ಷದ ಅಮ್ಮ, ಅವರಿಬ್ಬರ ನಡುವೆ ಚಕ್ಕುಲಿ ಡಬ್ಬಿ. ಹೀಗೆ ಹೊರಡುವವರಿಗಾಗಿಯೇ ಹುಟ್ಟಿದಂತಿದೆ ರೂಮು ಕಾಯ್ದಿರಿಸುವ ಆ್ಯಪ್ ಎಂದು 2019ರಲ್ಲಿ ನಂಬಿದ್ದೆ. ಈಗಲೂ ಅದು ನನ್ನ ಮೊಬೈಲಿನಲ್ಲಿದೆ. ಆದರೆ ನಂಬಿಕೆ ಬೇರೆ ಕಡೆಗೆ ಹೋಗಿದೆ. ಯಾವ ಆ್ಯಪ್ ಎಂದು ಹೇಳುವುದಿಲ್ಲ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ನೋಡಿದ್ದೇನೆ, ಗುಣವೂ ದೋಷವೂ ಎರಡರಲ್ಲಿ ಹೆಚ್ಚುಕಡಿಮೆ ಒಂದೇ.

ಹೆಂಡತಿಯ ಬಳಿ ಒಂದು ಪುಟ್ಟ ಡೈರಿ ಇದೆ. ಪೆಟ್ರೋಲು, ಟೋಲು, ಎಳನೀರು, ರೂಮು, ಎಲ್ಲದರ ಲೆಕ್ಕವೂ ಅದರಲ್ಲಿದೆ. ಕೋವಿಡ್‌ನ ಎರಡು ವರ್ಷ ಬಿಟ್ಟರೆ 2019ರಿಂದ 2025ರವರೆಗೆ ಐದು ಬೇಸಿಗೆ, ಹೊರಗೆ ಕಳೆದದ್ದು 23 ರಾತ್ರಿ. ಆ್ಯಪ್‌ನಲ್ಲಿ 11 ಸಲ ಹಣ ಕಟ್ಟಿದ್ದೇವೆ, ಹಣ ಕಟ್ಟಿದ ಕೋಣೆಯಲ್ಲಿ ಮಲಗಿದ್ದು 9 ಸಲ. ಆರು ರಾತ್ರಿಗೆ ಲಾಡ್ಜಿಗೇ ಫೋನ್ ಮಾಡಿ ಹೇಳಿಟ್ಟಿದ್ದೆವು. ಇನ್ನುಳಿದ ಎಂಟು ರಾತ್ರಿ ಯಾರಿಗೂ ಏನೂ ಹೇಳದೆ ಹೋಗಿ ಗಲ್ಲಾದ ಮುಂದೆ ನಿಂತಿದ್ದೆವು. ಕಾರಿನಲ್ಲೇ ಮಲಗುವ ಪ್ರಸಂಗ ಇನ್ನೂ ಬಂದಿಲ್ಲ.

ಮೊದಲನೆಯ ಏಟು ಬಿದ್ದದ್ದು ಮೊದಲ ವರ್ಷವೇ. ಕೊಡಗಿನ ಒಂದು ಪೇಟೆ, ಮೇ ತಿಂಗಳ ಶನಿವಾರ, ಸಂಜೆ ಏಳೂವರೆ. ಮೊಬೈಲ್ ಚಾಚಿ ಬುಕಿಂಗ್ ಸಂಖ್ಯೆ ತೋರಿಸಿದೆ. ಮ್ಯಾನೇಜರ್ ಕನ್ನಡಕವನ್ನು ಹಣೆಗೇರಿಸಿ ಓದಿ, ಮೊಬೈಲನ್ನು ನನ್ನ ಕಡೆಗೇ ತಿರುಗಿಸಿಟ್ಟರು. “ಆ ಕಂಪನಿಯ ಬುಕಿಂಗ್ ನಾವು ತೆಗೆದುಕೊಳ್ಳುವುದನ್ನು ನಿಲ್ಲಿಸಿ ನಾಲ್ಕು ತಿಂಗಳಾಯಿತು ಸರ್. ನಮಗೆ ಬರಬೇಕಾದ ದುಡ್ಡೇ ಬಂದಿಲ್ಲ.” ಸಹಾಯವಾಣಿಗೆ ಕರೆ ಮಾಡಿದರೆ ಸಂಗೀತ ಕೇಳಿಸಿತು, ಮನುಷ್ಯರ ದನಿ ಕೇಳಿಸಲಿಲ್ಲ. ಕೊನೆಗೆ ಪೆಟ್ರೋಲ್ ಬಂಕಿನ ಹುಡುಗನೊಬ್ಬ ತನ್ನ ಪರಿಚಯದ ಹೋಂಸ್ಟೇಗೆ ಫೋನ್ ಹಚ್ಚಿ ಕೊಟ್ಟ. ಕಾಫಿ ತೋಟದೊಳಗೆ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಕೊನೆಗೊಂದು ಮನೆ, ಬಿಸಿ ಅಕ್ಕಿರೊಟ್ಟಿ. ಹಣ ವಾಪಸಾಗಲು 12 ದಿನ ಹಿಡಿಯಿತು. ಅದಕ್ಕೂ ಮೊದಲೇ, ಮರುದಿನ ಬೆಳಿಗ್ಗೆಯೇ, ಆ್ಯಪ್‌ನಿಂದ ಸಂದೇಶ ಬಂದಿತ್ತು: ನಿಮ್ಮ ವಾಸ್ತವ್ಯ ಹೇಗಿತ್ತು, ದಯವಿಟ್ಟು ತಾರೆಗಳನ್ನು ಕೊಡಿ.

ಎರಡನೆಯದರಲ್ಲಿ ಆ್ಯಪ್‌ನ ತಪ್ಪಿಲ್ಲ, ತಪ್ಪು ನಮ್ಮದು. 2024ರ ಮೇ, ಊಟಿಗೆ ಹೊರಟಿದ್ದೆವು. ಮದ್ರಾಸ್ ಹೈಕೋರ್ಟಿನ ಆದೇಶದಂತೆ ಆ ತಿಂಗಳ 7ರಿಂದ ನೀಲಗಿರಿಗೆ ಇ-ಪಾಸ್ ಕಡ್ಡಾಯವಾಗಿತ್ತು. ಅದನ್ನು ಮಾಡಿಸಿಕೊಂಡು, 2,800 ರೂಪಾಯಿ ಕಟ್ಟಿ ರೂಮನ್ನೂ ಹಿಡಿದು, ಎಲ್ಲ ಸರಿಯಿದೆ ಎಂಬ ನೆಮ್ಮದಿಯಲ್ಲಿ ನಂಜನಗೂಡಿನಲ್ಲಿ ಅಮ್ಮನ ಪೂಜೆ ಮುಗಿಸಿ ಆರಾಮವಾಗಿ ಹೊರಟೆವು. ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. 2009ರಿಂದ ಇರುವ ನಿಯಮ. ಆದರೂ ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ತಲುಪಿದಾಗ ಒಂಬತ್ತು ಹತ್ತು. ಹತ್ತು ನಿಮಿಷಕ್ಕೆ ಆನೆ ಕಾಯುತ್ತದೆಯೇ? ತಿರುಗಿ ಗುಂಡ್ಲುಪೇಟೆಗೆ ಬಂದು, ತರಕಾರಿ ಲಾರಿಯವರು ಇಳಿದುಕೊಳ್ಳುವ ಲಾಡ್ಜಿನಲ್ಲಿ 900 ರೂಪಾಯಿಗೆ ರೂಮು ಮಾಡಿದೆವು. ಒಂದೇ ರಾತ್ರಿಗೆ ಎರಡು ರೂಮಿನ ಬಾಡಿಗೆ ತೆತ್ತಂತಾಯಿತು. ಬೆಳಿಗ್ಗೆ ಊಟಿಯ ಮಾತನ್ನೇ ಬಿಟ್ಟು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದೆವು. ಕೆಳಗೆ ಕಾರು ನಿಲ್ಲಿಸಿ ಸರ್ಕಾರಿ ಬಸ್ಸಿನಲ್ಲಿ ಹತ್ತಬೇಕು. ಐದು ಬೇಸಿಗೆಯಲ್ಲಿ ಮಗಳಿಗೆ ಅತಿ ಇಷ್ಟವಾದ ಜಾಗ ಅದೇ.

ಆದರೆ ನನ್ನ ಮನಸ್ಸನ್ನು ಬದಲಿಸಿದ್ದು ಈ ಎರಡೂ ಅಲ್ಲ. ಎಲ್ಲವೂ ಸರಿಯಾಗಿ ನಡೆದ ಒಂದು ಬುಕಿಂಗ್ ಬದಲಿಸಿತು.

2023ರ ಮೇ. ಮಲ್ಪೆಯಲ್ಲಿ ರೂಮು, ರದ್ದು ಮಾಡಿದರೆ ಹಣ ಹಿಂತಿರುಗದ ದರ, 3,200 ರೂಪಾಯಿ. ದಾರಿಯಲ್ಲಿ ಬೇಲೂರು, ಹಳೇಬೀಡು ನೋಡಿಕೊಂಡು ಚಾರ್ಮಾಡಿ ಇಳಿಯುವುದು ಎಂದು ಲೆಕ್ಕ ಹಾಕಿದ್ದೆ. ಬೇಲೂರಿಗೆ ಹೊತ್ತು ನೆತ್ತಿಗೇರಿದಾಗ ತಲುಪಿದೆವು. ಚೆನ್ನಕೇಶವನ ಅಂಗಳದ ಹಾಸುಗಲ್ಲು ಕಾದ ಹೆಂಚಾಗಿತ್ತು. ಬರಿಗಾಲಿನ ಮಗಳು ನೆರಳಿನಿಂದ ನೆರಳಿಗೆ ಕುಪ್ಪಳಿಸಿದಳು. ಅಮ್ಮ ನನ್ನ ಕಾಲುಚೀಲವನ್ನು ಇಸಿದುಕೊಂಡು ಹಾಕಿಕೊಂಡರು. ಮದನಿಕೆಯರ ಕಡೆ ತಲೆ ಎತ್ತಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. 16 ಕಿಲೋಮೀಟರ್ ದೂರದ ಹಳೇಬೀಡಿಗೆ ಬಂದಾಗ ಮೂರು ಗಂಟೆ. ನಂದಿ ಮಂಟಪದ ನೆರಳಿನಲ್ಲಿ ಅಮ್ಮ ಕಾಲು ನೀಡಿ ಕೂತರು. ಗೈಡ್ ಒಬ್ಬರು, ನಮ್ಮಿಂದ ಹಣ ಕೇಳದೆಯೇ, “ಹಿಂದಿನ ಗೋಡೆಯನ್ನು ಈಗ ನೋಡಬೇಡಿ, ಐದೂವರೆಗೆ ಬನ್ನಿ. ಇಳಿಬಿಸಿಲು ಬಿದ್ದರೆ ಕಲ್ಲೇ ಎದ್ದು ಬಂದ ಹಾಗಿರುತ್ತದೆ” ಎಂದರು. ಅಮ್ಮ ನನ್ನ ಮುಖ ನೋಡಿದರು. ಬೇಲೂರಿನ ಮಯೂರ ವೇಲಾಪುರಿಗೆ ಫೋನ್ ಮಾಡಿದೆ, ರೂಮು ಖಾಲಿ ಇತ್ತು. ಉಳಿಯುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ, ಮಲ್ಪೆಯ 3,200 ರೂಪಾಯಿ ಒಂದನ್ನು ಬಿಟ್ಟು. ಆ ದುಡ್ಡು ಹಾಳಾಗಬಾರದೆಂದು ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೂ ನಿಲ್ಲಿಸಲಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಅಮ್ಮ ಎರಡು ಸಲ ವಾಂತಿ ಮಾಡಿಕೊಂಡರು. ರಾತ್ರಿ ಒಂಬತ್ತೂವರೆಗೆ ಮಲ್ಪೆ. ರೂಮು ಚೆನ್ನಾಗಿತ್ತು, ಚಿತ್ರದಲ್ಲಿ ಇದ್ದಂತೆಯೇ ಇತ್ತು. ಅದಕ್ಕೆ ನಾಲ್ಕು ತಾರೆ ಕೊಟ್ಟೆ. ಹಳೇಬೀಡಿನ ಹಿಂದಿನ ಗೋಡೆಯನ್ನು ಸಂಜೆ ಬಿಸಿಲಿನಲ್ಲಿ ನಾನು ಇನ್ನೂ ನೋಡಿಲ್ಲ. ಹಣ ಕಟ್ಟಿದ ರೂಮು ಗೂಟ, ನಾವು ಅದಕ್ಕೆ ಕಟ್ಟಿದ ಎಮ್ಮೆ. ಹಗ್ಗ ಎಷ್ಟು ಉದ್ದವೋ ಅಷ್ಟೇ ಮೇವು.

ಹಾಗೆಂದು ಆ್ಯಪ್ ಕೆಲಸಕ್ಕೆ ಬಾರದ್ದು ಎನ್ನಲಾರೆ. ಗೊತ್ತಿಲ್ಲದ ಊರಿನಲ್ಲಿ ಯಾವ ರಸ್ತೆಯಲ್ಲಿ ಲಾಡ್ಜುಗಳಿವೆ, ಬಸ್ ನಿಲ್ದಾಣದ ಗದ್ದಲ ಎಷ್ಟು ಹತ್ತಿರ, ಬೆಲೆ ಸುಮಾರು ಎಷ್ಟು ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ. ಬಳಕೆದಾರರು ತಾವೇ ತೆಗೆದ ಫೋಟೊಗಳು ಬಹಳ ಉಪಯುಕ್ತ. ಮಾಲೀಕರು ಹಾಕಿದ ಫೋಟೊದಲ್ಲಿ ಮಂಚದ ಮೇಲೆ ಟವೆಲಿನ ಹಂಸ ಇರುತ್ತದೆ, ಬಳಕೆದಾರರ ಫೋಟೊದಲ್ಲಿ ಬಚ್ಚಲಿನ ನಲ್ಲಿ ಇರುತ್ತದೆ. ನನಗೆ ಬೇಕಾದದ್ದು ನಲ್ಲಿ. ಊಟಿಯಂಥ ಕಡೆ ಮೇ ತಿಂಗಳಲ್ಲಿ ರೂಮಿಲ್ಲದೆ ಹೋಗುವುದು ಹುಂಬತನ. 2025ರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂದು ಮಿತಿಯನ್ನೂ ಹಾಕಿದ್ದರು. ಅಲ್ಲಿಗೆ ದಿಢೀರ್ ಪ್ರವಾಸ ಎಂಬುದೇ ಇನ್ನಿಲ್ಲ. ಮಡಿಕೇರಿ, ಚಿಕ್ಕಮಗಳೂರಿನ ಶುಕ್ರವಾರ, ಶನಿವಾರ ರಾತ್ರಿಗಳಿಗೂ ಇದೇ ಮಾತು.

ಆ್ಯಪ್‌ಗೆ ತಿಳಿಯದ ಸಂಗತಿ ಎಂದರೆ ನಮ್ಮ ಅಮ್ಮ. ಅವರಿಗೆ ನೆಲಮಹಡಿ ಬೇಕು, ಇಲ್ಲವೇ ಲಿಫ್ಟ್ ಬೇಕು. ಕಮೋಡ್ ಬೇಕೇ ಬೇಕು. ಈಜುಕೊಳ, ಜಿಮ್ ಎಲ್ಲಕ್ಕೂ ಆ್ಯಪ್‌ನಲ್ಲಿ ಗುರುತು ಹಾಕುವ ಚೌಕವಿದೆ, ನೆಲಮಹಡಿಗೆ ಇಲ್ಲ. “ವಿಶೇಷ ಕೋರಿಕೆ” ಎಂಬಲ್ಲಿ ಮೂರು ಸಲ ಬರೆದು ನೋಡಿದ್ದೇನೆ, ಮೂರು ಸಲವೂ ಎರಡನೇ ಮಹಡಿ ಸಿಕ್ಕಿದೆ. ಅದೇ ಫೋನ್ ಮಾಡಿ “ವಯಸ್ಸಾದ ತಾಯಿ ಇದ್ದಾರೆ” ಎಂದರೆ ಆ ಕಡೆಯವರು ಒಂದು ಕ್ಷಣ ಯೋಚಿಸಿ “101 ಇಟ್ಟಿರುತ್ತೇನೆ, ಆರು ಗಂಟೆಯೊಳಗೆ ಬನ್ನಿ” ಎನ್ನುತ್ತಾರೆ. ಮುಂಗಡವನ್ನೂ ಕೇಳುವುದಿಲ್ಲ. ಆರು ಸಲದಲ್ಲಿ ಆರು ಸಲವೂ ಮಾತು ಉಳಿಸಿಕೊಂಡಿದ್ದಾರೆ. ನಾವು ಬರುವುದಿಲ್ಲವಾದರೆ ಫೋನ್ ಮಾಡಿ ಹೇಳಬೇಕು, ಅಷ್ಟು ಮರ್ಯಾದೆ ನಮ್ಮ ಕಡೆಯಿಂದಲೂ ಇರಬೇಕು.

ನೇರವಾಗಿ ಹೋಗಿ ಕೇಳುವುದಕ್ಕೆ ಒಂದು ಹೊತ್ತು ಇದೆ: ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆ. ಕುಂದಾಪುರದಲ್ಲಿ ಹೀಗೆ ಹೋದಾಗ ಮ್ಯಾನೇಜರ್ ಕೀಲಿಗಳನ್ನು ಕೊಟ್ಟು “ಮೂರು ರೂಮು ಖಾಲಿ ಇವೆ, ನೋಡಿಕೊಂಡು ಬನ್ನಿ” ಎಂದರು. ಈ ಮಾತು ರಾತ್ರಿ ಎಂಟಕ್ಕೆ ಹೋದವರ ಕಿವಿಗೆ ಬೀಳುವುದಿಲ್ಲ. ನೋಡುವ ಕೆಲಸ ಹೆಂಡತಿಯದು. ಮೊದಲು ಬಚ್ಚಲು: ನಲ್ಲಿ ತಿರುಗಿಸಿ ನೀರಿನ ಬಣ್ಣ ನೋಡುತ್ತಾಳೆ, ಫ್ಲಶ್ ಎಳೆಯುತ್ತಾಳೆ. ಆಮೇಲೆ ದಿಂಬನ್ನು ಮೂಗಿಗೆ ಹಿಡಿಯುತ್ತಾಳೆ. ಕಿಟಕಿ ತೆರೆಯುತ್ತದೆಯೇ, ಅದಕ್ಕೆ ಸೊಳ್ಳೆ ಜಾಲರಿ ಇದೆಯೇ ಎಂದು ನೋಡಿ, ಕೊನೆಗೆ ಫ್ಯಾನನ್ನು ಐದಕ್ಕೆ ತಿರುಗಿಸಿ ಅದರ ಕೆಳಗೆ ಒಂದು ನಿಮಿಷ ನಿಲ್ಲುತ್ತಾಳೆ, ಸದ್ದು ಕೇಳಲು. ಕರಾವಳಿಯ ಮೇ ತಿಂಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕರೆಂಟ್ ಹೋದರೆ ಜನರೇಟರಿನಲ್ಲಿ ಎಸಿ ನಡೆಯುತ್ತದೆಯೇ, ಬರೀ ಫ್ಯಾನೇ? ಮುಂಗಾರು ಪೂರ್ವದ ಗುಡುಗು ಮಳೆ ಬಂದ ರಾತ್ರಿ ಈ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಅಂದು ಎರಡು ರೂಮು ತಿರಸ್ಕರಿಸಿ ಮೂರನೆಯದನ್ನು ಹಿಡಿದೆವು. ಗಲ್ಲಾದ ಮೇಲೆ “24 ಗಂಟೆ ಚೆಕ್‌ಔಟ್” ಎಂಬ ಹಳೆಯ ಫಲಕವಿತ್ತು. ನಾಲ್ಕಕ್ಕೆ ಬಂದರೆ ಮರುದಿನ ನಾಲ್ಕರವರೆಗೆ ರೂಮು ನಮ್ಮದು. ಆ್ಯಪ್ ಲೋಕದಲ್ಲಿ ಹನ್ನೆರಡಕ್ಕೆ ಒಳಗೆ, ಹನ್ನೊಂದಕ್ಕೆ ಹೊರಗೆ. ಬಿಸಿಲು ಕಾಯುವ ಹೊತ್ತಿನಲ್ಲೇ ಮುದುಕಿಯನ್ನೂ ಮಗುವನ್ನೂ ಬೀದಿಗೆ ಇಳಿಸುವ ಪದ್ಧತಿ.

ದರದ ವಿಷಯದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಕೆಲವು ಸಲ ಆ್ಯಪ್ ಅಗ್ಗ, ಕೆಲವು ಸಲ ಗಲ್ಲಾ ಅಗ್ಗ. ಒಂದೇ ಲಾಡ್ಜು ಆ್ಯಪ್‌ನಲ್ಲಿ 1,800 ತೋರಿಸಿ, ಎದುರಿಗೆ ನಿಂತು ಕೇಳಿದಾಗ 1,500ಕ್ಕೆ ಒಪ್ಪಿದ್ದೂ ಇದೆ. ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಹಳೆಯ ದರ ಇದ್ದರೆ ಕೇಳಿ.

ಈಗ ನಾನು ಆ್ಯಪ್‌ಗಿಂತ ಮೊದಲು ನೋಡುವುದು ಅಡುಗೆಮನೆಯ ಗೋಡೆಯಲ್ಲಿ ತೂಗುವ ಪಂಚಾಂಗದ ಕ್ಯಾಲೆಂಡರನ್ನು. ಸಣ್ಣ ಊರಿನ ಲಾಡ್ಜುಗಳನ್ನು ತುಂಬಿಸುವವರು ಪ್ರವಾಸಿಗರಲ್ಲ, ಮದುವೆ ದಿಬ್ಬಣದವರು. ಒಳ್ಳೆಯ ಮುಹೂರ್ತದ ಹಿಂದಿನ ರಾತ್ರಿ ಕಲ್ಯಾಣ ಮಂಟಪದ ಸುತ್ತಲಿನ ರೂಮುಗಳೆಲ್ಲ ಬೀಗರ ಪಾಲು. ಸಾಗರದಲ್ಲಿ ಒಮ್ಮೆ ಮಂಗಳವಾರವೂ ರೂಮಿಲ್ಲ ಎನ್ನಿಸಿಕೊಂಡಾಗ ಈ ಜ್ಞಾನ ಬಂತು. ಜಾತ್ರೆಗಳೂ ಹಾಗೆಯೇ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬೆಯ ಜಾತ್ರೆಯ ವಾರ ಆ ಊರಿನಲ್ಲಿ ರೂಮು ಕೇಳುವುದು ಊರಿನವರನ್ನು ನಗಿಸಲಿಕ್ಕಷ್ಟೇ. ಇನ್ನು ಮೇ ತಿಂಗಳಲ್ಲಿ ಜೋಗದ ಮುಂದೆ ಜಲಪಾತ ಕಾಣುವ ಕಿಟಕಿಗೆಂದು ಹೆಚ್ಚು ಹಣ ಕೊಡಬೇಡಿ. ಆಗ ಅಲ್ಲಿ ಕಾಣುವುದು ಬಂಡೆ ಮತ್ತು ನೂಲಿನ ಎಳೆಯಷ್ಟು ನೀರು.

ಹೀಗಾಗಿ ನಮ್ಮ ಪದ್ಧತಿ ಈಗ ಇಷ್ಟು. ಹೊರಟ ದಿನದ ರಾತ್ರಿಗೆ ಏನನ್ನೂ ಕಾಯ್ದಿರಿಸುವುದಿಲ್ಲ, ಏಕೆಂದರೆ ಆ ದಿನ ನಮಗೆ ಎಲ್ಲಿ ಸಾಕಾಗುತ್ತದೆ ಎಂದು ನಮಗೇ ಗೊತ್ತಿರುವುದಿಲ್ಲ. ಶುಕ್ರವಾರ, ಶನಿವಾರಕ್ಕೆ ಮಾತ್ರ ಎರಡು ದಿನ ಮೊದಲೇ ಫೋನ್. ಆ್ಯಪ್‌ನಲ್ಲಿ ಬುಕ್ ಮಾಡಿದರೆ ರದ್ದು ಮಾಡಬಹುದಾದ ದರಕ್ಕೇ, ನೂರಿನ್ನೂರು ಹೆಚ್ಚಾದರೂ ಸರಿ. ಮಾಡಿದ ತಕ್ಷಣ ಲಾಡ್ಜಿಗೆ ಕರೆ ಮಾಡಿ, ಬುಕಿಂಗ್ ಅವರ ಕೈಗೆ ತಲುಪಿದೆಯೇ ಎಂದು ಕೇಳುತ್ತೇನೆ. ಆ್ಯಪ್‌ಗೆ ಐದಕ್ಕೆ ಮೂರು ತಾರೆ.

ಈ ವರ್ಷ, ಅಂದರೆ 2026ರಲ್ಲಿ, ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅಧಿಕ ಮಾಸದಲ್ಲಿ ಮದುವೆಗಳಿಲ್ಲ, ಆದ್ದರಿಂದ ಲಾಡ್ಜುಗಳು ಖಾಲಿ ಇರುತ್ತವೆ ಎಂದು ಲೆಕ್ಕ ಹಾಕಿ, 18ರ ಸೋಮವಾರ ಗೋಕರ್ಣದ ಕಡೆಗೆ ಹೊರಡೋಣ, ಏನನ್ನೂ ಬುಕ್ ಮಾಡುವುದು ಬೇಡ ಎಂದು ಮನೆಯಲ್ಲಿ ಜಂಬದಿಂದ ಸಾರಿದೆ. ಅಮ್ಮ ಹೂಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತದೆ, “ಅಧಿಕ ಮಾಸದಲ್ಲಿ ಮದುವೆ ಇಲ್ಲದಿರಬಹುದು, ಜನ ದಾನ ಕೊಡಲು ಕ್ಷೇತ್ರಗಳಿಗೇ ಅಲ್ಲವೇ ಹೋಗುವುದು? ಗೋಕರ್ಣಕ್ಕೆ ಇವತ್ತೇ ಫೋನ್ ಮಾಡು” ಎಂದರು. ಮಾಡಿದೆ. ನೆಲಮಹಡಿ ಸಿಕ್ಕಿದೆ. ದಾನಕ್ಕೆ 33 ಅತಿರಸದ ಡಬ್ಬಿಯೂ ಬರುತ್ತದಂತೆ, ಚಕ್ಕುಲಿ ಡಬ್ಬಿಯ ಪಕ್ಕದಲ್ಲೇ.