ತಿಗರಿಗಿಂತ ಮೊದಲು ಮಣ್ಣಿನ ಹದ

ಮಂಗಳೂರಿನ ಈ ಸಮುದಾಯ ಕರಕುಶಲ ಶಾಲೆಯ ಕುಂಬಾರಿಕೆ ತರಗತಿಗೆ ಸೇರುವುದಾದರೆ ಕಲಿಸುವವರಿಗಾಗಿಯೇ ಸೇರಿ. ಬಂದ ದಿನವೇ ತಿಗರಿಯ, ಅಂದರೆ ಕುಂಬಾರರ ಚಕ್ರದ, ಮುಂದೆ ಕೂರಿಸುವುದಿಲ್ಲ. ಮೊದಲು ಮಣ್ಣು ನಾದಿಸುತ್ತಾರೆ. ಉಂಡೆಯನ್ನು ತಂತಿಯಿಂದ ಕುಯ್ದು, ಗುಳ್ಳೆ ಕಂಡರೆ ಮತ್ತೆ ನಾದಲು ಹೇಳುತ್ತಾರೆ. ಆಮೇಲೆ ಅರ್ಧ ಕಿಲೋ ಉಂಡೆ. ಅದು ತಿಗರಿಯ ನಡುವಿನಲ್ಲಿ ಅಲುಗದೆ ತಿರುಗುವವರೆಗೆ ಪಾತ್ರೆಯ ಗೋಡೆ ಎತ್ತಲು ಬಿಡುವುದಿಲ್ಲ. ಅದೇ ಸರಿ. ನಡು ತಪ್ಪಿದರೆ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾಗಿ ಪಾತ್ರೆ ಕುಸಿಯುತ್ತದೆ.

ಕಪ್ಪಿಗೆ ಹಿಡಿ ಕೂರಿಸುವ ಪಾಠ ಎಲ್ಲಕ್ಕಿಂತ ಚೆನ್ನ. ಎರಡೂ ಒಂದೇ ಹದಕ್ಕೆ ಒಣಗಿರಬೇಕು: ಮುಟ್ಟಿದರೆ ತಂಪು ತಾಗಬೇಕು, ಬೆರಳಿನ ಗುರುತು ಬೀಳಬಾರದು. ಎರಡೂ ಕಡೆ ಗೀರಿ, ಮೊಸರಿನಷ್ಟು ಗಟ್ಟಿ ಕಲಸಿದ ಮಣ್ಣು ಹಚ್ಚಿ ಒತ್ತಬೇಕು. ಹಿಡಿ ಹಸಿಯಾಗಿದ್ದರೆ ಅದು ಕಪ್ಪಿಗಿಂತ ಹೆಚ್ಚು ಕುಗ್ಗಿ, ಅಂಟಿದ ಜಾಗದಲ್ಲೇ ಬಿರುಕು ಬಿಡುತ್ತದೆ. ಇದನ್ನು ಒಡೆದ ಕಪ್ಪು ಕೈಗೆ ಕೊಟ್ಟೇ ತೋರಿಸುತ್ತಾರೆ.

ಗೂಡಿನಲ್ಲಿ ಪಾತ್ರೆ ಸುಡುವ ಸಿಬ್ಬಂದಿಯ ತಾಳ್ಮೆ ದೊಡ್ಡದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಪ್ರತಿ ಪಾತ್ರೆಯನ್ನೂ ಕೆನ್ನೆಗೆ ತಾಗಿಸಿ ನೋಡುತ್ತಾರೆ, ತಣ್ಣಗಿದ್ದರೆ ಪಕ್ಕಕ್ಕೆ. 100 ಡಿಗ್ರಿಯ ಹತ್ತಿರ ಆ ನೀರು ಆವಿಯಾಗಿ ಸಿಡಿದರೆ ಅಕ್ಕಪಕ್ಕದವರ ಪಾತ್ರೆಗಳೂ ಚೂರಾಗುತ್ತವೆ.

ಕೊರತೆ ಎಂದರೆ ಒಣಗಿಸುವ ಕಪಾಟಿನಲ್ಲಿ ಜಾಗ ಸಾಲದು, ಪಾತ್ರೆಗಳು ಅದಲುಬದಲಾಗುತ್ತವೆ. ಮಣ್ಣು ಹಸಿಯಿರುವಾಗಲೇ ತಳದಲ್ಲಿ ಹೆಸರು ಗೀರಿಡಿ. ಸುಡುವ ಶುಲ್ಕ ಬೇರೆ; ಸೇರುವಾಗಲೇ ಕಚೇರಿಯಲ್ಲಿ ಕೇಳಿಕೊಳ್ಳಿ.