ತೀನ್ ಕಂದೀಲ್ ಹತ್ತಿರದ ಭಾನುವಾರದ ಕ್ಲಾಸು: ನಾಲ್ಕು ವಾರ, ರಷ್ಯಾದ ಅಂತರ್ಯುದ್ಧ

ರಾಯಚೂರಿನಲ್ಲಿ ಕೋಚಿಂಗ್ ಕ್ಲಾಸುಗಳಿಗೆ ಬರ ಇಲ್ಲ. ಆದರೆ ಇತಿಹಾಸವನ್ನು ಕಾರಣ ಹಿಡಿದು ಬಿಡಿಸಿ ಹೇಳುವವರು ಸಿಗೋದು ಕಷ್ಟ. ಹೋದ ವರ್ಷ ಒಂದು ಕಡೆ ಪೂರ್ತಿ ಫೀಸು ಕಟ್ಟಿ ಸೇರಿದ್ದೆ. ಅಲ್ಲಿ ರಷ್ಯಾ ಕ್ರಾಂತಿ ಅಂದರೆ ಅರ್ಧ ಪುಟದ ಝೆರಾಕ್ಸು. 1917ರಲ್ಲಿ ಕ್ರಾಂತಿ ಆಯ್ತು, ಲೆನಿನ್ ಬಂದರು, ಮುಗೀತು, ಮುಂದಿನ ಪಾಠ. ಆಮೇಲೆ ಪರೀಕ್ಷೆಯಲ್ಲಿ ಬೋಲ್ಶೆವಿಕರು, ಅಂದರೆ ಲೆನಿನ್ ಪಕ್ಷದವರು, ಅಧಿಕಾರ ಉಳಿಸಿಕೊಂಡದ್ದು ಹೇಗೆ ಅಂತ ಕೇಳಿದಾಗ ಎರಡು ಸಾಲು ಬರೆದು ಸುಮ್ನೆ ಕೂತೆ. ಆ ಸಂಕಟ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಗೆಳತಿ ಈ ಕ್ಲಾಸಿನ ಬಗ್ಗೆ ಹೇಳಿದ ದಿನವೇ ಹೋಗಿ ಹೆಸರು ಬರೆಸಿದೆ.

ತೀನ್ ಕಂದೀಲ್‌ನಿಂದ ಸ್ವಲ್ಪ ಒಳಗೆ, ಬಟ್ಟೆ ಅಂಗಡಿಯ ಮೇಲಿನ ಮಹಡಿ. ಭಾನುವಾರ ಬೆಳಿಗ್ಗೆ 10ರಿಂದ 1. ನಾಲ್ಕು ವಾರಕ್ಕೆ 600 ರೂಪಾಯಿ. ಪಾಠ ಮಾಡುವವರು ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರು. ಕೈಯಲ್ಲಿ ಪುಸ್ತಕ ಇರೋದಿಲ್ಲ, ನಾಲ್ಕೈದು ಬಣ್ಣದ ಸೀಮೆಸುಣ್ಣ ಮಾತ್ರ.

ಮೊದಲ ವಾರ ಅವರು ಶುರು ಮಾಡಿದ್ದೇ ಚುನಾವಣೆಯಿಂದ. ಬೋಲ್ಶೆವಿಕರು ಆಗಿನ ರಾಜಧಾನಿ ಪೆಟ್ರೋಗ್ರಾಡ್‌ನಲ್ಲಿ ಅಧಿಕಾರ ಹಿಡಿದ ಕೆಲವೇ ವಾರಗಳಲ್ಲಿ ಸಂವಿಧಾನ ಸಭೆಗೆ ಮತದಾನ ಆಯ್ತು. ಬೋಲ್ಶೆವಿಕರಿಗೆ ಸಿಕ್ಕಿದ್ದು ಸುಮಾರು ಕಾಲು ಭಾಗ ಮತ. ರೈತರ ಬೆಂಬಲ ಇದ್ದ ಸಮಾಜವಾದಿ ಕ್ರಾಂತಿಕಾರಿ ಪಕ್ಷಕ್ಕೆ ಅದಕ್ಕಿಂತ ಬಹಳ ಜಾಸ್ತಿ. ಸಭೆ 1918ರ ಜನವರಿಯಲ್ಲಿ ಒಂದೇ ಒಂದು ಸಲ ಸೇರಿತು, ಮರುದಿನ ಬಾಗಿಲು ಹಾಕಿಸಿದರು. ಅಷ್ಟರಲ್ಲಾಗಲೇ ಚೆಕಾ ಅನ್ನೋ ಗುಪ್ತ ಪೊಲೀಸು ಹುಟ್ಟಿಯಾಗಿತ್ತು, 1917ರ ಡಿಸೆಂಬರಿನಲ್ಲೇ. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಒಂದು ರಾತ್ರಿಯಲ್ಲಿ ರಾಜಧಾನಿ ಸಿಕ್ಕಿತು, ದೇಶ ಕೈಗೆ ಬರೋದಕ್ಕೆ ಮೂರು ವರ್ಷಕ್ಕಿಂತ ಜಾಸ್ತಿ ಬೇಕಾಯ್ತು ಅಂತ ಮೇಷ್ಟ್ರು ಹೇಳಿದ್ದು ಇಡೀ ಕ್ಲಾಸಿನ ದಾರ.

ಎರಡನೇ ವಾರ ರೈಲು. ಬೋರ್ಡಿನ ನಡುವೆ ಮಾಸ್ಕೋ ಬರೆದು ಅಲ್ಲಿಂದ ಎಲ್ಲಾ ದಿಕ್ಕಿಗೂ ಹಳಿ ಎಳೆದರು. ಪಕ್ಕದಲ್ಲೇ ಚಿಕ್ಕದಾಗಿ ನಮ್ಮ ಗುಂತಕಲ್ ಜಂಕ್ಷನ್ ಬರೆದರು. ಗುಂತಕಲ್ ಕೈಯಲ್ಲಿದ್ದರೆ ರಾಯಚೂರಿಗೂ ಬಳ್ಳಾರಿಗೂ ಗಾಡಿ ಬಿಡೋರು ನೀವೇ, ಅಲ್ವಾ ಅಂತ ಕೇಳಿದರು. ಮಾಸ್ಕೋ ಕಥೆ ಅಷ್ಟೇ. 1918ರ ಮಾರ್ಚ್‌ನಲ್ಲಿ ರಾಜಧಾನಿ ಅಲ್ಲಿಗೆ ಹೋಯ್ತು. ನಡುವೆ ಬೋಲ್ಶೆವಿಕರ ಕೆಂಪು ಸೇನೆ, ಸುತ್ತ ಅಂಚಿನಲ್ಲಿ ಅವರ ವಿರೋಧಿಗಳ ಬಿಳಿ ಸೇನೆಗಳು: ಸೈಬೀರಿಯಾದಲ್ಲಿ ಕೊಲ್ಚಾಕ್, ದಕ್ಷಿಣದಲ್ಲಿ ಡೆನಿಕಿನ್, ಪೆಟ್ರೋಗ್ರಾಡ್ ಕಡೆ ಯುಡೆನಿಚ್. ಒಬ್ಬರಿಗೊಬ್ಬರು ಸಾವಿರಾರು ಕಿಲೋಮೀಟರ್ ದೂರ. 1919ರ ಅಕ್ಟೋಬರಿನಲ್ಲಿ ಡೆನಿಕಿನ್ ಸೇನೆ ಓರೆಲ್ ತನಕ ಬಂತು, ಮಾಸ್ಕೋಗೆ 400 ಕಿಲೋಮೀಟರ್ ಕೂಡ ಉಳಿದಿರಲಿಲ್ಲ. ಅದೇ ಹೊತ್ತಿಗೆ ಯುಡೆನಿಚ್ ಪೆಟ್ರೋಗ್ರಾಡ್ ಅಂಚಿನಲ್ಲಿದ್ದರು. ಕೆಂಪು ಸೇನೆ ಸೈನಿಕರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಳಗಿನ ಹಳಿ ಮೇಲೇ ಸಾಗಿಸಿ ಎರಡನ್ನೂ ತಡೆಯಿತು. ಆ ಸೇನೆ ಕಟ್ಟಿದ ಟ್ರಾಟ್‌ಸ್ಕಿ ತಮ್ಮ ಕವಚದ ರೈಲಿನಲ್ಲೇ ಓಡಾಡುತ್ತಿದ್ದರು. ಝಾರ್ ಕಾಲದ ಹತ್ತಾರು ಸಾವಿರ ಅಧಿಕಾರಿಗಳನ್ನು ಸೇನೆಗೆ ತಗೊಂಡು, ಅವರ ಮೇಲೆ ಕಣ್ಣಿಡೋಕೆ ಪಕ್ಷದ ಕಮಿಸಾರ್‌ಗಳನ್ನು ಕೂರಿಸಿದರು. ಅಧಿಕಾರಿ ಆ ಕಡೆ ಓಡಿಹೋದರೆ ಮನೆಯವರನ್ನು ಹಿಡೀತೀವಿ ಅಂತ ಆಜ್ಞೆಯನ್ನೂ ಹೊರಡಿಸಿದ್ದರು.

ಮೂರನೇ ವಾರದ ಕ್ಲಾಸಿಗೇ ನಾನು ಕೊಟ್ಟ ದುಡ್ಡೆಲ್ಲ ಸಂದಿತು. ಮೇಷ್ಟ್ರು ಮನೆಯಿಂದ ಒಂದು ಚೀಲ ಬಿಳಿಜೋಳ ತಂದಿದ್ದರು. ಮೇಜಿನ ಮೇಲೆ ಸುರಿದು ಮೂರು ಗುಡ್ಡೆ ಮಾಡಿದರು. ಇದು ಮನೆಯವರ ಊಟಕ್ಕೆ, ಇದು ದನಕ್ಕೆ, ಇದು ಬಿತ್ತನೆಗೆ. ನಗರದಲ್ಲಿ ರೊಟ್ಟಿ ಇಲ್ಲ, ಸೇನೆಗೆ ರೊಟ್ಟಿ ಬೇಕು, ದುಡ್ಡಿಗೆ ಬೆಲೆ ಇಲ್ಲ. ಬಂದೂಕು ಹಿಡಿದ ತಂಡಗಳು ಹಳ್ಳಿಗೆ ಬರುತ್ತವೆ, 1919ರಿಂದ ಪ್ರತಿ ಪ್ರಾಂತ್ಯಕ್ಕೂ ಇಷ್ಟು ಕಾಳು ಅಂತ ಮೇಲಿನಿಂದಲೇ ಲೆಕ್ಕ ಬರುತ್ತದೆ. ಹೀಗೆ ಹೇಳುತ್ತಲೇ ಮೇಷ್ಟ್ರು ಗುಡ್ಡೆಗಳಿಂದ ಬೊಗಸೆ ಬೊಗಸೆ ತೆಗೆದು ಚೀಲಕ್ಕೆ ಹಾಕುತ್ತಾ ಹೋದರು. ಮೂರನೇ ಗುಡ್ಡೆಗೆ ಕೈ ಹಾಕಿದಾಗ ಸಿಂಧನೂರು ಕಡೆಯ ಒಬ್ಬ ಹುಡುಗಿ ತಡೆಯೋಕಾಗದೆ, "ಬೀಜದ ಕಾಳೂ ಒಯ್ದ್ರೆ ಮುಂದಿನ ವರ್ಷ ಏನ್ ಬಿತ್ತಬೇಕ್ರೀ ಸರ?" ಅಂದಳು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಲ್ಲಿಯ ರೈತರೂ ಅದನ್ನೇ ಕೇಳಿದರಮ್ಮಾ ಅಂದರು. ಅವರೂ ನೆಲ ಅಗೆದು ಕಾಳು ಬಚ್ಚಿಟ್ಟರು ಅಂದಾಗ ನನಗೆ ಅಜ್ಜಿ ಮನೆಯ ಹಗೇವು ಕಣ್ಣ ಮುಂದೆ ಬಂತು.

ಹಾಗಾದರೆ ರೈತರು ಬಿಳಿ ಸೇನೆ ಕಡೆ ಯಾಕೆ ಹೋಗಲಿಲ್ಲ? ಇದನ್ನು ನಾನೇ ಕೇಳಿದೆ. ಉತ್ತರ ಭೂಮಿಯಲ್ಲಿತ್ತು. 1917ರಲ್ಲಿ ಜಮೀನ್ದಾರರ ಹೊಲ ರೈತರ ಕೈಗೆ ಬಂದಿತ್ತು, ಹೊಸ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. ಬಿಳಿ ಸೇನಾಪತಿಗಳು ಆ ಹೊಲ ನಿಮ್ಮದೇ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅವರ ಹಿಂದೆಯೇ ಹಳೇ ಜಮೀನ್ದಾರರು ವಾಪಸ್ ಬರುತ್ತಿದ್ದರು. ಕಾಳು ಕಿತ್ತುಕೊಳ್ಳುವವನಿಗಿಂತ ಹೊಲ ಕಿತ್ತುಕೊಳ್ಳುವವನ ಭಯ ಜಾಸ್ತಿ ಆಯ್ತು. ಈ ಒಂದು ಮಾತು ಕೇಳಿದ ಮೇಲೆ ಹೋದ ವರ್ಷದ ಆ ಪ್ರಶ್ನೆ ನನ್ನೊಳಗೆ ತಾನಾಗೇ ಬಿಡಿಸಿಕೊಂಡಿತು.

ಕೊನೆಯ ವಾರದ ಬಗ್ಗೆ ದೂರು ಇದೆ. ಉಕ್ರೇನ್, ಮಧ್ಯ ಏಷ್ಯಾ, ಸೈಬೀರಿಯಾದಲ್ಲಿ ಜಪಾನ್ ಸೇನೆ, ಎಲ್ಲವನ್ನೂ ಇಪ್ಪತ್ತು ನಿಮಿಷದಲ್ಲಿ ಓಡಿಸಿದರು. ಉಕ್ರೇನಿನ ರೈತ ಬಂಡಾಯಗಾರ ಮಖ್ನೋ ಹೆಸರು ಬೋರ್ಡ್ ಮೇಲೆ ಬಂದು ಹಾಗೇ ಅಳಿಸಿಹೋಯ್ತು. ಇದಕ್ಕೆ ಐದನೇ ವಾರ ಬೇಕೇ ಬೇಕು. ಆದರೆ ಕ್ರೋನ್‌ಸ್ಟಾಟ್ ಮಾತ್ರ ನಿಧಾನವಾಗಿ ಹೇಳಿದರು. ಯುದ್ಧ ಹೆಚ್ಚುಕಡಿಮೆ ಗೆದ್ದಾಗಿತ್ತು. 1917ರಲ್ಲಿ ಬೋಲ್ಶೆವಿಕರ ಬಲಗೈಯಾಗಿದ್ದ ನಾವಿಕರ ನೆಲೆ ಅದು. 1921ರ ಮಾರ್ಚ್‌ನಲ್ಲಿ ಅಲ್ಲಿನ ನಾವಿಕರು, ಕಾರ್ಮಿಕರ, ಸೈನಿಕರ ಸಭೆಗಳಾದ ಸೋವಿಯತ್‌ಗಳಿಗೆ ಗುಪ್ತ ಮತದಾನದ ಚುನಾವಣೆ ಬೇಕು ಅಂದರು. ಕೆಂಪು ಸೇನೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ನಡೆದು ಹೋಗಿ ಅವರನ್ನು ಅಡಗಿಸಿತು. ಅದೇ ತಿಂಗಳು ಪಕ್ಷದ ಹತ್ತನೇ ಅಧಿವೇಶನ ಕಾಳು ವಸೂಲಿ ನಿಲ್ಲಿಸಿ ತೆರಿಗೆ ತಂದಿತು, ಪಕ್ಷದೊಳಗೆ ಗುಂಪು ಕಟ್ಟೋದನ್ನೂ ನಿಷೇಧಿಸಿತು. ಹಳ್ಳಿಗೆ ಹಗ್ಗ ಸಡಿಲ, ಪಕ್ಷದೊಳಗೆ ಬಿಗಿ. ಆ ವರ್ಷವೇ ವೋಲ್ಗಾ ಕಡೆ ಬರಗಾಲ ಬಿತ್ತು, ಸುಮಾರು 50 ಲಕ್ಷ ಜನ ಸತ್ತರು. ಮೇಷ್ಟ್ರು ಈ ಸಂಖ್ಯೆ ಬರೆದಾಗ ಮುಂದಿನ ಬೆಂಚಿನಲ್ಲಿದ್ದ ಆ ಹುಡುಗಿ ನೋಟ್ಸು ಬರೆಯೋದನ್ನೇ ನಿಲ್ಲಿಸಿದಳು.

ಅವರು ಯಾರ ಪರವಾಗಿಯೂ ಘೋಷಣೆ ಕೂಗಲಿಲ್ಲ. ಬಿಳಿ ಸೇನೆ ಯಹೂದಿಗಳ ಮೇಲೆ ಮಾಡಿದ ಕೊಲೆಗಳನ್ನೂ, ಬೋಲ್ಶೆವಿಕರು ವಿರೋಧಿಗಳ ಮೇಲೆ ನಡೆಸಿದ ಕೆಂಪು ಭಯೋತ್ಪಾದನೆಯನ್ನೂ ಒಂದೇ ದನಿಯಲ್ಲಿ ಹೇಳಿದರು. ಇದು ನನಗೆ ತುಂಬಾ ಹಿಡಿಸಿತು.

ಸೇರುವವರಿಗೆ ಒಂದೆರಡು ಮಾತು. ಫ್ಯಾನು ಎರಡೇ, ಏಪ್ರಿಲ್ ಬಿಸಿಲಿನಲ್ಲಿ ಆ ಮಹಡಿ ಕಾದ ಹೆಂಚಿನ ಹಾಗೆ ಆಗುತ್ತೆ, ನೀರಿನ ಬಾಟಲಿ ಇಟ್ಟುಕೊಳ್ಳಿ. ಕೊಡುವ ಝೆರಾಕ್ಸು ಮಸುಕು, ನಕ್ಷೆ ಕಾಣೋದಿಲ್ಲ, ಆದ್ದರಿಂದ ಬೋರ್ಡಿನ ಫೋಟೋ ತೆಗೆದುಕೊಳ್ಳಿ, ಮೇಷ್ಟ್ರು ಬೇಡ ಅನ್ನೋದಿಲ್ಲ. ಮುಗಿದ ಮೇಲೆ ಕೆಳಗಿನ ಬಂಡಿಯಲ್ಲಿ ಒಗ್ಗರಣಿ, ಮಿರ್ಚಿ ಸಿಗುತ್ತೆ. ನಮ್ಮ ಬ್ಯಾಚಿನವರು ಅಲ್ಲೇ ನಿಂತು ಇನ್ನೊಂದು ಗಂಟೆ ಮಾತಾಡುತ್ತಿದ್ದೆವು. ಮುಂದಿನ ಸಲ ಚೀನಾ ತಗೋತಾರಂತೆ. ನಾನಂತೂ ಆಗಲೇ 600 ಕೊಟ್ಟು ಹೆಸರು ಬರೆಸಿ ಬಂದಿದ್ದೀನಿ.